ಕಾರ್ನಿವಲ್‌ಗೆ ಹೋಗುವವರಿಗೆ ಗುರುಬಸವ್ವ ಹೇಳುವ ಮಾತು

ಗುರುಬಸವ್ವ ಅವರನ್ನು ನಾನು ಮೊದಲು ಕಂಡದ್ದು ೧೯೮೭ರ ಸಂಕ್ರಾಂತಿ ಕಳೆದ ಭಾನುವಾರ, ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಸ್ಯಾನ್ ಮಟಿಯೋದಲ್ಲಿ ರಘೋತ್ತಮ ಅವರ ಮನೆಯ ಬಾಗಿಲ ಒಳಗೆ, ಎಲ್ಲರೂ ಬಿಟ್ಟಿದ್ದ ಬೂಟು ಚಪ್ಪಲಿಗಳ ರಾಶಿಯ ಪಕ್ಕದಲ್ಲಿ. ಇಳಕಲ್ ಸೀರೆಯ ಮೇಲೆ ಗಂಡಸರ ಬೂದು ಸ್ವೆಟರು ತೊಟ್ಟಿದ್ದರು. ತೋಳು ಉದ್ದವಾದ್ದರಿಂದ ಎರಡು ಸುತ್ತು ಮಡಚಿದ್ದರು. ವಯಸ್ಸು ನಲವತ್ತೈದರ ಆಸುಪಾಸು. ತೋರುಬೆರಳ ಮೇಲೆ ಸುಟ್ಟ ಸಣ್ಣ ಸಣ್ಣ ಕಲೆಗಳಿದ್ದವು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಬೋರ್ಡುಗಳಿಗೆ ಬೆಸುಗೆ ಹಾಕುವ ಕೈ ಅದು ಎಂದು ಆಮೇಲೆ ತಿಳಿಯಿತು.

ಒಳಗೆ ಎಳ್ಳುಬೆಲ್ಲ ಹಂಚುತ್ತಿದ್ದರು. ರಘೋತ್ತಮ ನನ್ನನ್ನು ತೋರಿಸಿ, "ನಮ್ಮ ಮಂಡ್ಯದ ಹುಡುಗ ಟ್ರಿನಿಡಾಡ್ ಕಾರ್ನಿವಲ್‌ಗೆ ಹೊರಟಿದ್ದಾನೆ ಕಣ್ರೀ, ಬೀದೀಲಿ ಕುಣಿಯೋಕೆ!" ಎಂದು ಎಲ್ಲರನ್ನೂ ನಗಿಸಿದರು. ಮೆನ್ಲೋ ಪಾರ್ಕಿನ ನನ್ನ ಆಫೀಸಿನಲ್ಲಿ ಆ ದ್ವೀಪದ ಗೆಳೆಯನೊಬ್ಬನಿದ್ದ. ಅವನ ಕರೆಗೆ ಒಪ್ಪಿದ್ದೆ, ಅಷ್ಟೇ.

ಗುರುಬಸವ್ವ ಮಾತ್ರ ನಗಲಿಲ್ಲ.

"ತಮ್ಮಾ, ಇದರಾಗ ನಿಮ್ಮ ಬೂಟು ಯಾವು?"

ತೋರಿಸಿದೆ. ಒಂದನ್ನು ಎತ್ತಿ ಅಟ್ಟೆ ಬಗ್ಗಿಸಿ ನೋಡಿದರು.

"ಇವು ಬ್ಯಾಡ. ಬಿಸಾಕಿ ಬರೋವಂಥಾ ಹಳೇವು ಹಾಕ್ಕೋರಿ. ಆದ್ರ ಕಾಲು ಪೂರಾ ಮುಚ್ಚಿರಬೇಕು, ಹಾದಿ ತುಂಬ ಬಾಟ್ಲಿ ಚೂರು ಇರ್ತಾವ. ಕೊರಳಾಗ ಬಂಗಾರ ಬ್ಯಾಡ. ಲಾರಿ ಮ್ಯಾಲೆ ಸ್ಪೀಕರ್ ಕಟ್ಟಿರ್ತಾರ, ಗಾಲಿ ಹತ್ತರ ನಡೀಬ್ಯಾಡ್ರಿ, ಕಿವ್ಯಾಗ ಹತ್ತಿ ಇಟ್ಕೋರಿ. ಗೆಳ್ಯಾ ತಪ್ಪಿಸಿಕೊಂಡ್ರ ಎಲ್ಲಿ ಕೂಡಬೇಕು ಅಂತ ಮೊದಲ ಮಾತಾಡಿ ಇಟ್ಕೋರಿ. ಹೊಟ್ಟಿ ತುಂಬ ಉಂಡು ಹೋಗ್ರಿ. ನೀರಡಿಕಿ ಆಗೂತನಕಾ ಕಾಯಬ್ಯಾಡ್ರಿ, ಕುಡಕೋತ ಇರ್ರಿ."

"ನೀವು ಹೋಗಿದ್ರಾ ಅಮ್ಮಾ?"

"ಒಂದ ಸಲ." ಬೂಟನ್ನು ಅದರ ಜೊತೆಯ ಪಕ್ಕದಲ್ಲೇ ಇಟ್ಟರು. "ಮತ್ತ, ಹಾದ್ಯಾಗ ಯಾರರ ಬಿದ್ದಿದ್ರ ದಾಟಿ ಹೋಗಬ್ಯಾಡ್ರಿ. ಎಬ್ಬಿಸಿ ನೀರು ಕುಡಸ್ರಿ."

ಊಟಕ್ಕೆ ನಿಲ್ಲದೆ ಹೊರಟುಹೋದರು. ತಟ್ಟೆ ಕೊಡುತ್ತ ರಘೋತ್ತಮರ ಹೆಂಡತಿ ಪದ್ಮಜಾ ದನಿ ತಗ್ಗಿಸಿದರು.

"ಪಾಪ, ಅವರ ಯಜಮಾನ್ರು ಅಲ್ಲೇ ಹೋಗ್ಬಿಟ್ರು. ಕುಡಿದು ಬಿದ್ದಿದ್ರಂತೆ. ಶರ್ಟೆಲ್ಲ ರಮ್ ವಾಸನೆ ಇತ್ತಂತೆ. ಇವರು ಮಾತ್ರ ಸುತರಾಂ ಒಪ್ಪಲ್ಲ. ನಾವೂ ಹೂಂ ಅಂತೀವಿ, ಇನ್ನೇನ್ ಅನ್ನೋದು?"

ಮುಂದಿನ ಶನಿವಾರ ಸ್ಯಾನ್ ಹೊಸೆಯಲ್ಲಿದ್ದ ಗುರುಬಸವ್ವ ಅವರ ಅಪಾರ್ಟ್‌ಮೆಂಟಿಗೆ ಹೋದೆ. ಕೇಳಬೇಕೋ ಬೇಡವೋ ಎಂಬ ಅಳುಕಿತ್ತು. ಅವರೇ ಶುರು ಮಾಡಿದರು.

ಗಂಡನ ಹೆಸರು ವಿರುಪಾಕ್ಷಪ್ಪ. ಗದಗಿನ ಕಡೆಯವರು, ಮಷೀನ್ ಶಾಪಿನಲ್ಲಿ ಲೇತ್ ಕೆಲಸ. ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆ ಮುಗಿಸುವವರೆಗೆ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ. ಪಕ್ಕದ ಲೇತಿನಲ್ಲಿದ್ದ ರಾಮ್‌ಕಿಸೂನ್ ಟ್ರಿನಿಡಾಡ್‌ನವನು. ಅವನ ಮುತ್ತಜ್ಜನ ಕಾಲಕ್ಕೆ ಕಬ್ಬಿನ ಗದ್ದೆಗೆಂದು ಇಂಡಿಯಾದಿಂದ ಹೋದ ಮನೆತನ. ನಮ್ಮೂರಿಗೆ ಬನ್ನಿ ಎಂದು ವರ್ಷವರ್ಷವೂ ಕರೆಯುತ್ತಿದ್ದ. "ಇಲ್ಲಿಗೆ ಬಂದ ಮ್ಯಾಲೆ ಶಾಪು, ಫ್ರೀವೇ ಬಿಟ್ರ ಮತ್ತೇನ ನೋಡೇನಿ?" ಎಂದು ವಿರುಪಾಕ್ಷಪ್ಪ ಕೊನೆಗೆ ಒಪ್ಪಿದರು. ೧೯೮೫ರಲ್ಲಿ ಗಂಡ ಹೆಂಡತಿ ಇಬ್ಬರೂ ಹೋದರು.

ಆ ವರ್ಷ ಶಿವರಾತ್ರಿ ಭಾನುವಾರ ಬಂದಿತ್ತು. ಮರುದಿನವೇ ಕಾರ್ನಿವಲ್ಲಿನ ಸೋಮವಾರ. ರಾಮ್‌ಕಿಸೂನ್‌ನ ತಾಯಿಯೂ ಶಿವರಾತ್ರಿ ಮಾಡುವವರು. ಹಗಲೆಲ್ಲ ನೀರೂ ಮುಟ್ಟದೆ ಉಪವಾಸವಿದ್ದು ಎಲ್ಲರೂ ಕೂಡಿ ಜಾಗರಣೆ ಮಾಡಿದರು. ಬೆಳಗಾಗುವ ಮುಂಚೆ ಕಾರ್ನಿವಲ್ ಶುರುವಾಗುವುದೇ ಕೆಸರಿನಿಂದ. ಜನ ಮೈಗೆಲ್ಲ ಕೆಸರು ಬಣ್ಣ ಬಳಿದುಕೊಂಡು ಬೀದಿಗಿಳಿಯುತ್ತಾರೆ. ಹೇಗೂ ಎಚ್ಚರವಿದ್ದೇವೆ, ನೋಡಿ ಬಂದು ಸ್ನಾನ ಪೂಜೆ ಮಾಡಿ ಉಪವಾಸ ಬಿಟ್ಟರಾಯಿತು ಎಂದು ವಿರುಪಾಕ್ಷಪ್ಪ ಗೆಳೆಯನ ಜೊತೆ ಹೊರಟರು. ಗುರುಬಸವ್ವ ಮನೆಯಲ್ಲೇ ಉಳಿದರು.

ಜನಜಂಗುಳಿಯಲ್ಲಿ ಇಬ್ಬರೂ ಬೇರೆಯಾದರು. ಎಲ್ಲಿ ಸೇರಬೇಕೆಂದು ಮಾತಾಡಿಕೊಂಡಿರಲಿಲ್ಲ. ಎಲ್ಲರ ಮುಖವೂ ಕೆಸರು, ಯಾರನ್ನೆಂದು ಹುಡುಕುವುದು? ಬಿಸಿಲೇರಿತು. ಹಣ್ಣು ಮಾರುವ ಹೆಂಗಸೊಬ್ಬಳು ವಿರುಪಾಕ್ಷಪ್ಪ ತೂರಾಡುವುದನ್ನು ಕಂಡು ನೀರು ಕೊಡಲು ಹೋಗಿದ್ದಳು. ಅವರು ಕೊರಳಲ್ಲಿದ್ದ ಲಿಂಗದ ಕರಡಿಗೆಗೆ ಕೈ ಮುಟ್ಟಿಸಿ, ಕೈ ಮುಗಿದು, ಬೇಡವೆಂದು ತಲೆಯಾಡಿಸಿ ಮುಂದೆ ಹೋದರಂತೆ. ಸ್ನಾನವಾಗಿರಲಿಲ್ಲ, ಪೂಜೆಯಾಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ರಾಮ್‌ಕಿಸೂನ್ ಅವರನ್ನು ಒಂದು ಅಂಗಡಿಯ ಕಟ್ಟೆಯ ಮೇಲೆ ಕಂಡ. ಗುರುತು ಹಿಡಿದದ್ದು ಆ ಬೆಳ್ಳಿಯ ಕರಡಿಗೆಯಿಂದ. ಬಿದ್ದವರನ್ನು ಯಾರೋ ಎತ್ತಿ ನೆರಳಿಗೆ ತಂದು ಮಲಗಿಸಿ, ಮುಖದ ಮೇಲೆ ಟೋಪಿ ಇಟ್ಟು ಹೋಗಿದ್ದರು. ಅಮಲಿನಲ್ಲಿ ಮಲಗಿದವರನ್ನು ಅಲ್ಲಿ ಹಾಗೆಯೇ ಜೋಪಾನ ಮಾಡುತ್ತಾರೆ. ಟೋಪಿ ತೆಗೆದಾಗ ಉಸಿರಿರಲಿಲ್ಲ. ಆ ದ್ವೀಪದಲ್ಲೇ ಮಣ್ಣು ಮಾಡಿದರು.

"ನೀರ ಕುಡದಿದ್ದಿಲ್ಲ, ಇನ್ನ ರಮ್ ಎಲ್ಲಿ ಕುಡೀತಾರ್ರಿ?" ಗುರುಬಸವ್ವ ಕೇಳಿದರು. "ನೀವರ ನಂಬತೀರೇನು?"

"ನಂಬ್ತೀನಿ ಅಮ್ಮಾ."

"ಎಲ್ಲಾರೂ ಹಂಗ ಅಂತಾರ." ಅವರು ನನ್ನ ಮುಖ ನೋಡಲಿಲ್ಲ. "ಹೊಂಟೀರಲ್ಲ, ಒಂದು ಕೆಲಸ ಮಾಡ್ರಿ. ಕುಡೀಲಾರದವರ ಅಂಗೀನೂ ನಾರತೈತೋ ಇಲ್ಲೋ ನೋಡ್ಕೊಂಡು ಬರ್ರಿ. ಬಂದು ಪದ್ಮಜಾಗ ಹೇಳ್ರಿ. ಎರಡು ವರ್ಷ ಆತು, ನಾ ಹೇಳಿದ್ರ ಹೂಂ ಹೂಂ ಅಂತ ನನ್ನ ಬಾಯಿ ಮುಚ್ಚಸ್ತಾರ."

ಮಾರ್ಚ್ ಮೊದಲ ವಾರ ಹೋದೆ. ಅವರು ಹೇಳಿದಂತೆ ಹಳೆಯ ಬೂಟು, ಕಿವಿಗೆ ಹತ್ತಿ, ಹೆಗಲಿಗೆ ನೀರಿನ ಕ್ಯಾನು. ಕತ್ತಲಿನ್ನೂ ಹರಿದಿರಲಿಲ್ಲ, ನನ್ನ ಹಿಂದೆ ಕುಣಿಯುತ್ತಿದ್ದವನ ಬಾಟಲಿ ನನ್ನ ಬೆನ್ನ ಮೇಲೆ ಚೆಲ್ಲಿತು. ಇನ್ನೊಬ್ಬ ತಬ್ಬಿಕೊಂಡು ಎದೆಯನ್ನೂ ನೆನೆಸಿದ. ನಾನು ಹನಿಯೂ ಕುಡಿದಿರಲಿಲ್ಲ. ಶರ್ಟು ಮಾತ್ರ ಸಾರಾಯಿ ಅಂಗಡಿಯಂತೆ ನಾರುತ್ತಿತ್ತು. ಅದನ್ನು ಒಗೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತಂದೆ.

ಗುರುಬಸವ್ವ ಚೀಲ ಬಿಚ್ಚಿ ಮೂಗಿನ ಹತ್ತಿರ ಹಿಡಿದರು.

"ಇದನ್ನ ಹೀಗೇ ತಗೊಂಡು ಹೋಗಿ ಪದ್ಮಜಾ ಅವರ ಮುಂದೆ ಇಡ್ತೀನಿ" ಎಂದೆ. ಜೊತೆಗೆ ಇದನ್ನೂ ಹೇಳಿದೆ. "ಅಲ್ಲಿ ಗಟಾರದ ಪಕ್ಕ ಒಬ್ಬ ಬಿದ್ದಿದ್ದ ಅಮ್ಮಾ. ನೀವು ಹೇಳಿದ್ರಲ್ಲ, ಎಬ್ಬಿಸಿದೆ."

"ಕುಡದಿದ್ದನೇನು?"

"ಕಂಠಪೂರ್ತಿ. ನಿದ್ದೆ ಕೆಡಿಸಿದೆ ಅಂತ ನನ್ನನ್ನೇ ಬೈದ."

"ನೀರು?"

"ಕುಡಿಸ್ದೆ. ಅರ್ಧ ಕ್ಯಾನು ಖಾಲಿ ಮಾಡ್ದ."

"ಎದ್ದನೇನು?"

"ಎದ್ದು ಮತ್ತೆ ಕುಣಿಯೋಕೆ ಹೋದ."

ಗುರುಬಸವ್ವ ಶರ್ಟನ್ನು ಮಡಿಲಲ್ಲಿ ಇಟ್ಟುಕೊಂಡರು.

"ಹಂಗಾದ್ರ ನಮ್ಮವರು ಕುಡದಿದ್ರೂ ಬದುಕಬಹುದಿತ್ತು" ಎಂದರು. "ಯಾರರ ಒಬ್ಬರು ಎಬ್ಬಿಸಿದ್ರ."

ಅವರು ಎದ್ದು ಶರ್ಟನ್ನು ಕೆಳಗಿನ ಲಾಂಡ್ರಿ ಕೋಣೆಗೆ ಒಯ್ದರು. ನಾನು ಹಿಂದೆಯೇ ಓಡಿದೆ.

"ಅಮ್ಮಾ, ಒಗೆದ್ರೆ ವಾಸನೆ ಹೋಗುತ್ತೆ. ಪದ್ಮಜಾ ಅವರಿಗೆ ತೋರಿಸೋದು ಬೇಡ್ವಾ?"

"ಕುಡದಿದ್ದಿಲ್ಲ ಅಂತ ಅಕಿ ಒಪ್ಪಿದ್ರ ಏನಾತು? ಕುಡದವರಾದ್ರ ಸಾಯಬೇಕೇನು?" ಎನ್ನುತ್ತ ಮಷೀನಿಗೆ ನಾಣ್ಯ ಹಾಕಿದರು.

ಒಣಗಿಸಿ, ಇಸ್ತ್ರಿ ಮಾಡಿ ಶರ್ಟನ್ನು ನನ್ನ ಕೈಗಿಟ್ಟರು. ಅಂದಿನಿಂದ ಗಂಡ ಕುಡಿದಿರಲಿಲ್ಲ ಎಂಬ ಮಾತನ್ನು ಅವರು ಯಾರೆದುರಿಗೂ ಎತ್ತಿದ್ದು ನಾನು ಕೇಳಿಲ್ಲ. ಪದ್ಮಜಾ ಇಂದಿಗೂ ತಮ್ಮ ಮಾತನ್ನೇ ಹೇಳುತ್ತಾರೆ.

ಇದಾಗಿ ಐದು ವರ್ಷವಾಯಿತು. ಗುರುಬಸವ್ವ ಈಗಲೂ ಸ್ಯಾನ್ ಹೊಸೆಯಲ್ಲಿದ್ದಾರೆ. ಅದೇ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಾರೆ. ಕಾರ್ನಿವಲ್‌ಗೆ ಹೊರಟವರು ಯಾರಾದರೂ ಕೇಳಿದರೆ ಬೂಟು ನೋಡಿ ಬುದ್ಧಿ ಹೇಳುತ್ತಾರೆ. ಪ್ರತಿವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯಲ್ಲಿ ಕಾರ್ನಿವಲ್ ನಡೆಯುವ ದಿನ, ನೀರಿನ ಕ್ಯಾನುಗಳನ್ನು ಇಟ್ಟುಕೊಂಡು ಬೀದಿಯ ಅಂಚಿನಲ್ಲಿ ನಿಂತು, ಮಲಗಿದವರನ್ನು ಎಬ್ಬಿಸಿ ಕುಡಿಸುತ್ತಾರೆ.