ತಲೆಕೆಳಗಾಗಿ ಹೂತ ಬಾಂದಗಲ್ಲು

ಕುಷ್ಟಗಿಯಿಂದ ಹನುಮಸಾಗರದ ಕಡೆ ಹೋಗುವ ರಸ್ತೆಯಲ್ಲಿ ದ್ರಾಕ್ಷಾಯಿಣಿ ಟೀಚರ್ ಅವರ ಮನೆಯಿದೆ. ಗೇಟಿನಿಂದ ಮೆಟ್ಟಿಲವರೆಗೆ ಜಲ್ಲಿಖಡಿ ಹಾಸಿದ ಹಾದಿ. ಖಡಿ ಹೂವಿನ ಮಡಿಗೆ ಚೆಲ್ಲದಂತೆ ಎರಡೂ ಬದಿಗೆ ಹೂತ ಅಂಚುಗಲ್ಲುಗಳ ಸಾಲು ಮುದುಕವ್ವ ಮತ್ತು ಅವಳ ಗಂಡ ಹುಲಗಪ್ಪನ ಕೈಕೆಲಸ. ಒಂಬತ್ತು ವರ್ಷದಲ್ಲಿ ಒಂದು ಕಲ್ಲೂ ವಾಲಿಲ್ಲ. ಹುಲಗಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳು ಈಗಲೂ ಇದೇ ಕೆಲಸಕ್ಕೆ ಹೋಗುತ್ತಾಳೆ. ಸಾಲು ನೇರ ಬರಲು ದಾರ ಕಟ್ಟಿದ ಮೇಲೆ ಮಾತಾಡುವುದಿಲ್ಲ. ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು, ಕಲ್ಲನ್ನು ದಾರಕ್ಕೆ ತಾಗಿಯೂ ತಾಗದಂತೆ ನಿಲ್ಲಿಸುತ್ತಾಳೆ.

ಟೀಚರ್ ಮನೆಗೆ ದೊಡ್ಡ ಕಾರು ಬಂದಿತ್ತು. ಹಾದಿ ಅಗಲವಾಗಬೇಕಿತ್ತು. ಎಡಬದಿಯ ಸಾಲು ಕಿತ್ತು ಹಿಂದೆ ಸರಿಸಲು ಮುದುಕವ್ವ ತನ್ನ ಜೊತೆಗಾತಿ ಇಮಾಮಬಾನುವನ್ನು ಕರೆದುಕೊಂಡು ಬಂದಳು.

ಹನ್ನೊಂದನೆಯ ಕಲ್ಲು ಹಾರೆಗೆ ಎದ್ದು ಮಗುಚಿತು. ಹೂತಿದ್ದ ತಲೆಯಿಂದ ಮಣ್ಣಿನ ಹೆಂಟೆಯೊಂದು ಕಳಚಿತು. ಅಲ್ಲಿ ಕತ್ತರಿಯಾಕಾರದ ಗುರುತು, ಅದರ ಎರಡು ಬದಿಗೆ ಎರಡು ಅಕ್ಷರ. ಮುದುಕವ್ವನಿಗೆ ಓದು ಬಾರದು, ಆ ಎರಡು ಅಕ್ಷರ ಮಾತ್ರ ಗೊತ್ತು. ಹೊಲ ಪಾಲಾದ ದಿನ ಹುಲಗಪ್ಪ ಉಳಿಯಿಂದ ಕೊರೆದು, ಬೆರಳಿಟ್ಟು ತೋರಿಸಿದ್ದ. ‘ಹು’ ಅಂದರೆ ತಾನು, ‘ಸ’ ಅಂದರೆ ತಮ್ಮ ಸಣ್ಣಪ್ಪ.

ಹಾರೆ ಅವಳ ಕೈಜಾರಿ ಖಡಿಯ ಮೇಲೆ ಬಿತ್ತು.

“ಏನಬೇ, ಹಾವು ಬಂತೇನು? ಬಂಗಾರ ಸಿಕ್ಕಿದ್ರ ನನಗೂ ಅರ್ಧ ಕೊಡಬೇಕ ನೋಡು,” ಎಂದು ಇಮಾಮಬಾನು ನಕ್ಕಳು.

ಮುದುಕವ್ವ ಕಲ್ಲಿನ ಪಕ್ಕ ಕೂತಳು. “ಬಾನೂ, ಇದು ನಮ್ಮ ಹೊಲದ ಬಾಂದಗಲ್ಲು.”

ಇಮಾಮಬಾನುವಿನ ನಗು ನಿಂತಿತು. ಅಣ್ಣತಮ್ಮಂದಿರ ಪಾಲಿನ ನಡುವೆ ಗಡಿಗೆ ನೆಟ್ಟಿದ್ದ ಆ ಕಲ್ಲು ಒಂಬತ್ತು ವರ್ಷದ ಹಿಂದೆ ಕಾಣೆಯಾಗಿತ್ತು. ಬದು ಒತ್ತಿ ಹೊಲ ಕಬಳಿಸಲು ಸಣ್ಣಪ್ಪನೇ ಕಿತ್ತೊಗೆದ ಎಂದು ಊರ ಮುಂದೆ ಕೂಗಾಡಿದವಳು ಮುದುಕವ್ವ. ಅವನು ಹುಲಿಗೆಮ್ಮನ ಆಣೆ ಮಾಡಿದರೂ ನಂಬಲಿಲ್ಲ. ಹುಲಗಪ್ಪನನ್ನು ಮಣ್ಣು ಮಾಡಿದ ದಿನ ಅವನು ಒಂದು ಹಿಡಿ ಮಣ್ಣು ಹಿಡಿದು ಕುಣಿಯ ಹತ್ತಿರ ಬಂದಾಗ, ಎಲ್ಲರೆದುರು ಅವನ ಕೈ ಹಿಡಿದು ಆ ಮಣ್ಣನ್ನು ಕೊಡವಿಸಿದ್ದಳು.

“ಆ ಬ್ಯಾಸಗಿ ಈ ಕೆಲಸಕ್ಕ ನಮ್ಮ ಬದುವಿನ ಮ್ಯಾಲಿನ ಕಲ್ಲುಗುಂಪಿ ಎಲ್ಲಾ ಟ್ರ್ಯಾಕ್ಟರಿಗೆ ತುಂಬಿಸಿದ್ವಿ,” ಎಂದಳು ಮುದುಕವ್ವ. “ನೇಗಿಲ ಬಡದು ಇದೂ ಗುಂಪ್ಯಾಗ ಉರುಳಿರಬೇಕು. ಮೈತುಂಬ ಎರಿಮಣ್ಣು ಮೆತ್ತಿತ್ತು, ಗುರುತು ಕಾಣಲಿಲ್ಲ. ಒರಟು ತಲಿ ಅಂತ ಕೆಳಗ ಮಾಡಿ ನಾನ ಹುಗದೆ. ಈ ಕೈಲೆ.”

ಇಮಾಮಬಾನು ಸುತ್ತ ನೋಡಿದಳು. ಟೀಚರ್ ಒಳಗಿದ್ದರು. “ಮತ್ತ ಹಂಗ ಹುಗದು ಬಿಡಬೇ. ನಾನಂತೂ ಬಾಯಿ ಬಿಡಂಗಿಲ್ಲ.”

ಮುದುಕವ್ವ ಕಲ್ಲಿನ ಮೇಲೆ ಅಂಗೈ ಇಟ್ಟಳು. ಬಿಸಿಲಿತ್ತು, ಕಲ್ಲು ಇನ್ನೂ ತಣ್ಣಗಿತ್ತು. “ನಿನ್ನ ಫೋನ್ ಕೊಡು,” ಎಂದಳು. ಇಮಾಮಬಾನುವೇ ತನ್ನ ಗಂಡನಿಂದ ಸಣ್ಣಪ್ಪನ ನಂಬರು ಕೇಳಿ ಹಚ್ಚಿಕೊಟ್ಟಳು.

“ಯಾರ್ರೀ?”

“ನಾನಪಾ, ಮುದುಕವ್ವ.”

“ಯಾರ ಸತ್ತಾರ?” ಎಂದ ಸಣ್ಣಪ್ಪ.

“ಯಾರೂ ಸತ್ತಿಲ್ಲ. ಬಾಂದಗಲ್ಲು ಸಿಕ್ಕೈತಿ ಸಣ್ಣಪ್ಪ. ನಾನ ಹುಗದಿದ್ದೆ, ಕುಷ್ಟಗ್ಯಾಗ, ಟೀಚರ್ ಮನಿ ಹಾದಿಗೆ. ನೀ ಮುಟ್ಟಿಲ್ಲ.”

ಫೋನಿನ ಆಚೆ ಎಮ್ಮೆ ಕೂಗಿತು, ಯಾರೋ ಅದನ್ನು ಗದರಿಸಿದರು.

“ಅತ್ತಿಗಿ, ಕಲ್ಲು ಹೋಗ್ಲಿ ಬಿಡು. ಅಣ್ಣಗ ಒಂದು ಹಿಡಿ ಮಣ್ಣು...” ಸಣ್ಣಪ್ಪ ಮಾತು ತಿರುಗಿಸಿದ. “ಅದು ಅಲ್ಲೇ ಇರ್ಲಿ. ನಾ ಬರ್ತೀನಿ.”

“ಹೊಲಕ್ಕ ಒಯ್ತೀ?”

“ಮೊದಲ ನೋಡ್ತೀನಿ. ನೀ ಹೇಳಿದ್ದು ನಂಬಂಗಿಲ್ಲ ನಾ.”

“ನಂಬಬ್ಯಾಡಪಾ,” ಎಂದಳು ಮುದುಕವ್ವ. “ಬಂದು ನೋಡು.”

ಇಮಾಮಬಾನು ಪೈಪು ಎಳೆದು ತಂದು ಕಲ್ಲು ತೊಳೆಯಲು ಬಗ್ಗಿದಳು. ಮುದುಕವ್ವ ಪೈಪನ್ನು ಮಡಿಚಿ ನೀರು ನಿಲ್ಲಿಸಿದಳು.

“ಮಣ್ಣು ಹಂಗ ಇರ್ಲಿ. ನಾ ಎಷ್ಟು ಆಳ ಹುಗದಿದ್ದೆ ಅಂತ ಅವನ ಕಣ್ಣಿಗೆ ಕಾಣಬೇಕು.”