ಜಗಲಿಯ ಓದು ಮತ್ತು ಹೆಸರಿಲ್ಲದ ಕಾಗದ

ಟಕ್, ಟಕ್, ಟಕ್.

ಮೂರೇ ಬಡಿತ. ನಸುಕು ಹರಿಯಲು ಇನ್ನೂ ಎರಡು ತಾಸಿದೆ. ಬಡಿದದ್ದು ಪಾದ್ರಿಗಳ ಮನೆಯ ಬಾಗಿಲನ್ನು. ಎಚ್ಚರವಾದದ್ದು ಚರ್ಚಿನ ಹಿಂದಿನ ಕೋಣೆಯಲ್ಲಿ ಮಲಗಿದ್ದ ಸಗಾಯಮ್ಮನವರಿಗೆ. ಟಾರ್ಚು ಹಿಡಿದು ಹೊರಬಂದರೆ ಅಂಗಳದಲ್ಲಿ ನರಪಿಳ್ಳೆಯಿಲ್ಲ. ಹೊಸಿಲ ಮೇಲೊಂದು ಲಕೋಟೆ ಮಾತ್ರ. ಇನ್ನೊಬ್ಬರ ಕಾಗದ ಒಡೆದು ನೋಡುವ ಜಾಯಮಾನ ಅವರದಲ್ಲ. ಬೆಳಗಿನ ಕಾಫಿಯ ಜೊತೆ ಅದನ್ನು ಫಾದರ್ ಕೈಗಿತ್ತು ಗಂಟೆ ಬಾರಿಸಲು ಹೋಗುತ್ತಾರೆ. ಆ ಲಕೋಟೆಯೊಳಗೆ ಇದ್ದದ್ದು ತಮ್ಮದೇ ಬದುಕೆಂದು ಅವರಿಗೆ ತಿಳಿಯುವುದು ಭಾನುವಾರ.

ಭದ್ರಾವತಿಯ ಹಳೆಯ ಕಾರ್ಖಾನೆ ಕ್ವಾರ್ಟರ್ಸಿನ ಅಂಚಿನಲ್ಲಿರುವ ಈ ಚಿಕ್ಕ ಚರ್ಚಿನ ಜಗಲಿಗೆ ಬೆಳಗಿನ ಐದಕ್ಕೆ ಬರಬೇಕು. ಗೋಡೆಗೆ ಹದಿನಾಲ್ಕು ಪೊರಕೆಗಳು ಒರಗಿರುತ್ತವೆ. ಅವುಗಳ ಒಡತಿಯರು, ಊರಿನ ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸರು, ಸೆರಗು ಹೊದ್ದು ಕೂತಿರುತ್ತಾರೆ. ಆರಕ್ಕೆ ಅವರ ಹಾಜರಿ. ಅದಕ್ಕೂ ಮೊದಲು, ಐದರಿಂದ ಇಪ್ಪತ್ತು ನಿಮಿಷ ಸಗಾಯಮ್ಮನವರದು. ಒಂದು ಕಡ್ಡಿ ಮುರಿದು ದಾರ ಕಟ್ಟಿದ ಕನ್ನಡಕ ಏರಿಸಿ, ಪುಟ ಬಿಡಿಸಿ, ಗಟ್ಟಿಯಾಗಿ ಓದುತ್ತಾರೆ. ಜಗಲಿಗೆ ದೀಪವಿಲ್ಲ. ಟಾರ್ಚು ಹಿಡಿಯುವುದು ಹಾಲಮ್ಮನ ಪಾಲಿನ ಕೆಲಸ. ಓದು ಯಾವ ಸಾಲಿಗೆ ಬಂತೋ ಬೆಳಕೂ ಅದೇ ಸಾಲಿಗೆ ಇಳಿಯುತ್ತದೆ.

ಓದುವುದು ಜಪದ ಪುಸ್ತಕವನ್ನಲ್ಲ. ಜಾತಿ, ಕೂಲಿ, ಕುಡಿಯುವ ನೀರು, ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವ ಪಾಪ, ಇವನ್ನೆಲ್ಲ ಯೇಸುವಿನ ಬೋಧನೆಯ ಬೆಳಕಿನಲ್ಲಿ ಪ್ರಶ್ನಿಸುವ ಕಿರುಹೊತ್ತಗೆಗಳನ್ನು. ಕೇಳುವವರಲ್ಲಿ ಕ್ರೈಸ್ತರು ಇಬ್ಬರೇ. "ನಮ್ಮ ದೇವ್ರು ಮಾರಿಯಮ್ಮ, ಅದ್ರಲ್ಲಿ ಬದಲಿಲ್ಲ," ಎನ್ನುತ್ತಾರೆ ಕಾಶಮ್ಮ. "ಆದ್ರೆ ಕಸ ಎತ್ತೋರ ಕಡೆಗೂ ಒಬ್ಬ ದೇವ್ರು ಮಾತಾಡಿದಾನೆ ಅಂತ ಗೊತ್ತಾಗಿದ್ದು ಈ ಜಗಲೀಲಿ. ಕೇಳಿದ್ರೆ ನಮ್ಮಮ್ಮ ಏನು ಮುನಿಸ್ಕೊಳಲ್ಲ."

ಸಗಾಯಮ್ಮನವರಿಗೆ ಅರವತ್ತೊಂದು. ಓದಿದ್ದು ಏಳನೇ ಇಯತ್ತೆ. ಅಪ್ಪ ಸೇಲಂ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರು. ಗಂಡ ತೀರಿಕೊಂಡ ವರ್ಷವೇ ಇಲ್ಲಿ ಕಸ ಗುಡಿಸುವ, ಗಂಟೆ ಬಾರಿಸುವ, ಪೀಠದ ವಸ್ತ್ರ ಒಗೆಯುವ ಕೆಲಸಕ್ಕೆ ಸೇರಿದರು. ಹನ್ನೊಂದು ವರ್ಷದ ಹಿಂದೆ ಆಗಿನ ಪಾದ್ರಿಗಳು ಒಂದು ಟ್ರಂಕು ತೋರಿಸಿ, ಗೆದ್ದಲು ಹತ್ತಿದೆ, ಸುಟ್ಟುಬಿಡು ಎಂದರು. "ಕಡ್ಡಿ ಗೀರೋಕೆ ಮುಂಚೆ ಏನಿದೆ ನೋಡೋಣ ಅಂತ ಒಂದು ಪುಟ ತೆಗೆದೆ ಸಾಮಿ. ಮಧ್ಯಾಹ್ನ ಆಯ್ತು, ಸಾಯಂಕಾಲ ಆಯ್ತು. ಅವತ್ತು ಗಂಟೆ ಹೊಡೆಯೋದೇ ಮರ್ತೋಯ್ತು. ಸರಿಯಾಗಿ ಬೈಸ್ಕೊಂಡೆ."

ಆ ಟ್ರಂಕಿನಲ್ಲಿ ಈಗ ನೂರ ಇಪ್ಪತ್ತಾರು ಹೊತ್ತಗೆಗಳಿವೆ. ತಿಂಗಳಿಗೊಮ್ಮೆ, ಎರಡು ಪೂಜೆಗಳ ನಡುವಿನ ಬಿಡುವಿನಲ್ಲಿ, ಬಸ್ಸು ಹತ್ತಿ ಶಿವಮೊಗ್ಗದ ಚರ್ಚಿನ ಪುಸ್ತಕಾಲಯಕ್ಕೆ ಹೋಗಿ ಹಳೆಯದನ್ನು ಕೊಟ್ಟು ಹೊಸದನ್ನು ತರುತ್ತಾರೆ. ಆಯ್ಕೆಗೆ ಅವರದೇ ಒಂದು ಒರೆಗಲ್ಲಿದೆ. "ವಾಪಸ್ ಬರ್ತಾ ಬಸ್ಸಲ್ಲೇ ಓದ್ತೀನಿ. ಮಲವಗೊಪ್ಪ ಬರೋದ್ರೊಳಗೆ ನನಗೆ ತೂಕಡಿಕೆ ಬಂದ್ರೆ ಆ ಪುಸ್ತಕ ಜಗಲಿಗೆ ಇಲ್ಲ. ಹಾಡುಹಗಲೇ ನನಗೆ ನಿದ್ದೆ ಬರಿಸೋದು ಐದು ಗಂಟೇಲಿ ಇವರನ್ನ ಬಿಡುತ್ತಾ?"

ಶನಿವಾರ ಎಲ್ಲರೂ ಒಂದೊಂದು ಹೊತ್ತಗೆಯನ್ನು ಮನೆಗೊಯ್ದು ಮಕ್ಕಳಿಂದ ಓದಿಸಿಕೊಳ್ಳುತ್ತಾರೆ. ಒಯ್ದದ್ದಕ್ಕೆ ಗುರುತು, ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಹೆಬ್ಬೆಟ್ಟು. ದಿನದ ಓದು ಮುಗಿದ ಮೇಲೆ ಮಾತ್ರ ತಪ್ಪದೆ ಒಂದು ಪ್ರಶ್ನೆ ಬರುತ್ತದೆ: "ಈ ಕತೆ ನಮ್ಮ ಬೀದೀಲಿ ಯಾರ ಮನೇದು?" ಯಾರಾದರೂ ಒಂದು ಹೆಸರು ಹೇಳಬೇಕು, ಹೇಳಿದವರು ಆ ಮನೆಯ ಕಷ್ಟಕ್ಕೆ ಹೆಗಲು ಕೊಡಬೇಕು. ಗುಂಪಿನ ಶಂಕರಮ್ಮನ ಪಕ್ಕದ ಮನೆಯ ಮುದುಕಿಗೆ ಪಿಂಚಣಿ ಬಂದದ್ದು, ಹಿಂದಿನ ಓಣಿಗೆ ನೀರಿನ ನಲ್ಲಿ ಬಿದ್ದದ್ದು ಹೀಗೆಯೇ.

ಆ ಸೋಮವಾರ ಓದಿದ್ದು, ನ್ಯಾಯಕ್ಕಾಗಿ ನ್ಯಾಯಾಧೀಶನ ಬೆನ್ನು ಬಿಡದ ವಿಧವೆಯ ಕತೆ, ಯೇಸು ಹೇಳಿದ್ದು. ಕೊನೆಗೆ ಪ್ರಶ್ನೆ ಬಂತು. ಎಂದೂ ಮೂರು ನಾಲ್ಕು ದನಿ ಒಟ್ಟಿಗೆ ಏಳುವ ಜಗಲಿಯಲ್ಲಿ ಅಂದು ಯಾರೂ ಬಾಯಿ ಬಿಡಲಿಲ್ಲ. ಹದಿನಾಲ್ಕು ಮಂದಿಯೂ ಸಗಾಯಮ್ಮನವರ ಮುಖವನ್ನೇ ನೋಡುತ್ತಿದ್ದರು.

"ಏನ್ರೇ ಮಾರಾಯ್ತೀರಾ, ನಮ್ಮ ಬೀದಿ ಅಷ್ಟು ಉದ್ಧಾರ ಆಗೋಯ್ತಾ?" ಎಂದು ನಕ್ಕು ಪುಸ್ತಕ ಮಡಚಿದರು.

ಬಾಗಿಲು ಬಡಿದದ್ದು ಅದೇ ರಾತ್ರಿ.

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಸಮಿತಿ ಸೇರುತ್ತದೆ. ಕಾರ್ಯದರ್ಶಿ ಅರುಳಪ್ಪ, ಕಾರ್ಖಾನೆಯಿಂದ ನಿವೃತ್ತರಾದವರು, ಕಾಗದವನ್ನು ಓದಿ ಹೇಳುತ್ತಾರೆ. "ನಿಮ್ಮ ಕಾಂಪೌಂಡಿನಲ್ಲಿ ಒಬ್ಬಳು ಇದ್ದಾಳೆ. ಹತ್ತೊಂಬತ್ತು ವರ್ಷ ಆಯಿತು. ವಾರಕ್ಕೆ ಒಂದು ದಿನ ರಜೆ ಇಲ್ಲ. ರಾತ್ರಿ ಒಂಬತ್ತಕ್ಕೆ ಕಕ್ಕಸಿಗೆ ಬೀಗ. ಕತೆಯಲ್ಲಿ ನ್ಯಾಯಾಧೀಶ ಮನಸ್ಸು ಮಾಡಿದ. ನೀವು?" ಕೆಳಗೆ ಹೆಸರಿಲ್ಲ.

ಸಗಾಯಮ್ಮನವರನ್ನೂ ಸಭೆಗೆ ಕರೆಸಿದ್ದಾರೆ. ವಾರದ ರಜೆ ಕೂಲಿಯವರ ಹಕ್ಕೆಂದು ಜಗಲಿಯಲ್ಲಿ ಎರಡೆರಡು ಸಲ ಓದಿದವರು ಅವರೇ. ಅದು ತಮಗೂ ಸಲ್ಲುತ್ತದೆಂಬ ಯೋಚನೆ ಒಮ್ಮೆಯೂ ಹತ್ತಿರ ಸುಳಿದಿರಲಿಲ್ಲ.

"ಅಲ್ಲಿ ಓದು ಬರೋದು ನಿಮಗೊಬ್ಬರಿಗೇ. ಮಿಕ್ಕವರದೆಲ್ಲ ಹೆಬ್ಬೆಟ್ಟು," ಎನ್ನುತ್ತಾರೆ ಅರುಳಪ್ಪ. "ಬೇಕಾದ್ದನ್ನ ನೇರವಾಗಿ ಕೇಳಬಹುದಿತ್ತಲ್ಲಮ್ಮ. ಕಳ್ಳನ ಹಾಗೆ ಯಾಕೆ?"

"ನಾನು ಬರೆದಿಲ್ಲ ಸರ್. ದೇವರ ಮನೆ ಕೆಲಸಕ್ಕೆ ರಜೆ ಕೇಳೋಳು ನಾನಲ್ಲ."

ಫಾದರ್ ಮೆಲ್ಲಗೆ, "ಬರೆದದ್ದು ಸುಳ್ಳಂತೂ ಅಲ್ಲವಲ್ಲ ಅರುಳಪ್ಪ," ಎನ್ನುತ್ತಾರೆ. ಆದರೂ ಸಮಿತಿಯ ತೀರ್ಮಾನ ಬಿಗಿಯಾಗಿಯೇ ಹೊರಬೀಳುತ್ತದೆ. ಕಾಗದದಲ್ಲಿ ಕೇಳಿದ್ದನ್ನು ಪರಿಶೀಲಿಸಲಾಗುವುದು. ಆದರೆ ಬರೆದವರು ಯಾರೆಂದು ಮುಂದಿನ ಭಾನುವಾರದೊಳಗೆ ತಿಳಿಯದಿದ್ದರೆ ಜಗಲಿಯ ಓದು ನಿಲ್ಲತಕ್ಕದ್ದು.

ಆ ವಾರವಿಡೀ ಸಗಾಯಮ್ಮನವರ ಕಣ್ಣು ಎಲ್ಲರ ಮೇಲೂ ಹರಿದಾಡುತ್ತದೆ. ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು ಚಂದ್ರಹಾಸರನ್ನು ಕೇಳಿದರೆ, "ನಾನು ಬರೆದಿದ್ರೆ ನಾಲ್ಕು ಪುಟ ಬರೀತಿದ್ದೆ, ಅದೂ ಸಹಿ ಹಾಕಿ," ಎನ್ನುತ್ತಾರೆ. ಜಗಲಿಯಲ್ಲಿ ಕೇಳಿದರೆ ಕಾಶಮ್ಮ ನಗುತ್ತಾರೆ. "ನಮಗೆ ಬರೆಯೋಕೆ ಬಂದಿದ್ರೆ ಮೊದ್ಲು ನಮ್ಮ ಮೇಸ್ತ್ರಿ ಮೇಲೆ ಬರೀತಿರ್ಲಿಲ್ವಾ ಅಕ್ಕ?" ಶಂಕರಮ್ಮ ಆಣೆ ಹಾಕುತ್ತಾರೆ. ಹಾಲಮ್ಮ, ಮೂರನೇ ಕ್ಲಾಸಿನ ಮೊಮ್ಮಗಳು ಅಕ್ಷರಾಳ ಸ್ಲೇಟು ಒಡೆದ ಕತೆ ಎತ್ತಿ ಮಾತು ತೇಲಿಸುತ್ತಾರೆ.

ಶನಿವಾರ. ಬಹುಶಃ ಕಡೆಯ ಓದು. ಇಪ್ಪತ್ತು ನಿಮಿಷದ ಪುಟಗಳನ್ನು ಸಗಾಯಮ್ಮ ನಿಧಾನವಾಗಿ ಓದಿ ಇಪ್ಪತ್ತೈದು ಮಾಡುತ್ತಾರೆ. ಏನು ಆಸೆಯೆಂದು ಕೇಳಿದರೆ ಉತ್ತರ ಸಣ್ಣದು: "ಜಗಲಿಗೆ ಒಂದು ಬಲ್ಬು ಅಂದ್ಕೊಂಡಿದ್ದೆ. ಈಗ ಜಗಲಿ ಉಳಿದ್ರೆ ಸಾಕು. ಕತ್ತಲಲ್ಲೇ ಓದ್ತೀನಿ."

ಹೊತ್ತಗೆಗಳನ್ನು ಹಂಚಿ, ನೋಟ್‌ಬುಕ್ ಮತ್ತು ಇಂಕ್ ಪ್ಯಾಡ್ ಮುಂದಿಡುತ್ತಾರೆ. ಒಂದೊಂದಾಗಿ ಹದಿಮೂರು ಹೆಬ್ಬೆಟ್ಟು ಬೀಳುತ್ತವೆ. ಹದಿನಾಲ್ಕನೆಯ ಕೈ ಪ್ಯಾಡನ್ನು ಪಕ್ಕಕ್ಕೆ ಸರಿಸುತ್ತದೆ.

"ಪೆನ್ನು ಕೊಡಿ ಅಕ್ಕ. ಈ ಪುಟಾನೇ ಅರುಳಪ್ಪೋರಿಗೆ ತೋರ್ಸಿ. ಬೈಯೋದಾದ್ರೆ ನನ್ನ ಬೈಲಿ, ಓದು ನಿಲ್ಸೋದು ಬೇಡ. ಯಾರ ಮನೆ ಕತೆ ಅಂತ ನೀವೇ ಕೇಳಿದ್ರಲ್ಲ, ಎದುರಿಗೆ ಹೇಳೋಕೆ ಬಾಯಿ ಬರ್ಲಿಲ್ಲ."

ಎಂದೂ ಸಾಲು ತಪ್ಪದ ಟಾರ್ಚಿನ ಬೆಳಕು ಅಂದು ಎಡಗೈಗೆ ದಾಟಿ ಅಲುಗುತ್ತದೆ. ಹಗ್ಗಕ್ಕೆ ಒಣಹಾಕಿದ ಬಟ್ಟೆಗಳಂತೆ ಮೂರು ಅಕ್ಷರ ಗೆರೆಗೆ ಜೋತುಬೀಳುತ್ತವೆ. ಸಗಾಯಮ್ಮ ಕನ್ನಡಕ ಸರಿಪಡಿಸಿಕೊಂಡು, ಹನ್ನೊಂದು ವರ್ಷದ ರೂಢಿಯಂತೆ, ಬರೆದದ್ದನ್ನು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತಾರೆ:

"ಹಾಲಮ್ಮ."