ಏಯ್ ಅಂದದ್ದು ಯಾರಿಗೆ

ಹೊಸ ಫೋನು ಬಂದಾಗಲೆಲ್ಲ ಪೇಪರಿನವರು, ವಿಡಿಯೋ ಮಾಡುವವರು ಒಂದೇ ಮಾತು ಹೇಳುತ್ತಾರೆ: ಇದು ಎಲ್ಲವನ್ನೂ ಬದಲಾಯಿಸಿಬಿಡುತ್ತದೆ. ಹೋದ ವರ್ಷದ್ದಕ್ಕೂ ಇದನ್ನೇ ಹೇಳಿದ್ದರು. ಅದೇ ಕಪ್ಪು ಹಲಗೆ, ಹಿಂದುಗಡೆ ಕ್ಯಾಮೆರಾದ ಕಣ್ಣು ಇನ್ನೊಂದು ಜಾಸ್ತಿ. ಆದರೂ ಇಂಥ ಸುದ್ದಿ ಬಿಡದೆ ಓದುವವಳು ನಾನು. ಹಾಸನದಲ್ಲಿ ಗುಮಾಸ್ತೆ ಕೆಲಸ. ಮಧ್ಯಾಹ್ನ ಬುತ್ತಿ ಬಿಚ್ಚಿ ಎದುರಿಗೆ ಫೋನು ಒರಗಿಸಿಕೊಂಡು ಉಣ್ಣುವುದು ರೂಢಿ. ಈಚೆಗೆ ಓದಿದ್ದು, ಫೋನಿಗೆ ಈಗ ಕನ್ನಡ ಚೆನ್ನಾಗಿ ಅರ್ಥವಾಗುತ್ತದಂತೆ. ಯಾರ ಕನ್ನಡ ಅಂತ ಬರೆದಿರಲಿಲ್ಲ. ನನ್ನ ಅಕ್ಕನದಂತೂ ಅಲ್ಲ.

ಅಕ್ಕ ಇರುವುದು ಹಳೇಕೋಟೆ ಹತ್ತಿರದ ಒಂದು ಹಳ್ಳಿಯಲ್ಲಿ. ಊರಿನ ಮಹಿಳಾ ಡೇರಿಗೆ ಅಧ್ಯಕ್ಷೆಯಾಗಿದ್ದಳು. ನಾಲ್ಕು ಎಮ್ಮೆ ಕಟ್ಟಿಕೊಂಡು, ಮನೆ ನಡೆಸಿಕೊಂಡು, ಅದರ ಮೇಲೆ ಈ ಜವಾಬ್ದಾರಿ. ಅವಳ ದನಿ ದೊಡ್ಡದು. ದನದ ಡಾಕ್ಟರು ಊರಿಗೆ ಬರದೆ ತಪ್ಪಿಸಿಕೊಂಡಾಗ ಹೊಳೆನರಸೀಪುರದ ಕಚೇರಿಗೇ ಹೋಗಿ, ಬಾಗಿಲಲ್ಲಿ ನಿಂತು, ಒಳಗಿರುವ ಎಲ್ಲರಿಗೂ ಕೇಳುವಂತೆ ಮಾತಾಡಿ ಅವರನ್ನು ಜೀಪು ಹತ್ತಿಸಿಕೊಂಡು ಬಂದವಳು. ಉಳಿದ ಹೆಂಗಸರಿಗೆ ಅವಳೇ ಬಾಯಿ.

ಡೇರಿಯ ಸೂಚನೆಗಳೆಲ್ಲ ಫೋನಿಗೇ ಬರತೊಡಗಿದ ಮೇಲೆ ಅವಳಿಗೂ ಒಂದು ದೊಡ್ಡ ಫೋನು ಬೇಕಾಯಿತು. ಹಾಸನಕ್ಕೆ ಬಂದಳು, ಕರೆದುಕೊಂಡು ಹೋದೆ. ಅಂಗಡಿಯ ಹುಡುಗಿ ಹೊಸ ಫೋನು ಕೈಗಿಟ್ಟು, "ಟೈಪ್ ಮಾಡೋದೇ ಬೇಡ, ನೀವು ಮಾತಾಡಿ, ಅದೇ ಬರ್ಕೊಳ್ತದೆ" ಅಂದಳು. ಅಕ್ಕ ಉತ್ಸಾಹದಿಂದ, "ಉಲ್ಲು ತರಕ್ಕೆ ಓಗಿವ್ನಿ, ಆಮ್ಯಾಕ್ ಬತ್ತೀನಿ" ಅಂದಳು. ಹುಲ್ಲೂ ಇಲ್ಲ, ಹೋಗುವುದೂ ಇಲ್ಲ, ಪರದೆಯ ಮೇಲೆ ಅರ್ಥವಿಲ್ಲದ ಏನೋ ಮೂಡಿತು. "ಇನ್ನೊಂಚೂರು ಕ್ಲಿಯರಾಗಿ ಹೇಳಿ" ಎಂದಳು ಹುಡುಗಿ. "ಇದಕ್ಕಿಂತ ಕಿಲಿಯರ್ ಎಂಗವ್ವ ಏಳದು?" ಎಂದು ಅಕ್ಕ ನಕ್ಕಳು.

ಅಷ್ಟು ಹೊತ್ತಿಗೆ ಒಬ್ಬ ಯುವಕ ಅಂಗಡಿಯೊಳಗೆ ಬಂದ. ರೀಲ್ಸ್ ಮಾಡುವವನು. ಕೈಯಲ್ಲಿ ಉಣ್ಣೆ ಸುತ್ತಿದ ಪುಟ್ಟ ಮೈಕು, ಜೊತೆಗೊಬ್ಬ ವಿಡಿಯೋ ಹಿಡಿಯುವವನು. ಒಂದು ಮಾತೂ ಕೇಳದೆ ಮೈಕನ್ನು ಅಕ್ಕನ ಮುಖಕ್ಕೆ ಹಿಡಿದು, "ಎಐ, ಗೊತ್ತಾ ಆಂಟಿ?" ಅಂದ.

ಅಕ್ಕನ ಕಿವಿಗೆ ಬಿದ್ದದ್ದು "ಏಯ್, ಗೊತ್ತಾ ಆಂಟಿ?"

"ಯಾರ್ನ್ಲಾ ಏಯ್ ಅಂತೀಯ? ನಿಮ್ಮವ್ವುನ್ನೂ ಇಂಗೇ ಕರೀತೀಯೇನ್ಲಾ?" ಅಂದಳು, ಸೆರಗು ಸರಿಮಾಡಿಕೊಂಡು.

ಅಂಗಡಿಯೆಲ್ಲ ನಕ್ಕಿತು. ಅವನು ಅಂದದ್ದು ಏಯ್ ಅಲ್ಲ, ಎಐ, ತಾನೇ ಯೋಚಿಸುವ ಮಿಷನ್ನು ಅಂತ ನಾನು ಬಿಡಿಸಿ ಹೇಳಿದೆ. ಅಕ್ಕ ತಾನೂ ಹೊಟ್ಟೆ ಹಿಡಿದುಕೊಂಡು ನಕ್ಕು, ಆ ಯುವಕನ ಭುಜ ತಟ್ಟಿ, "ಬೇಜಾರ್ ಮಾಡ್ಕಬ್ಯಾಡ ಕಣಪ್ಪ" ಅಂದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು: "ಅಂಗಾರೆ ಆ ಮಿಷನ್ನು ಎಮ್ಮೆ ಗಬ್ಬ ನಿಂತೈತೋ ಇಲ್ವೋ ಅಂತ ಏಳ್ತದಾ? ಏಳಂಗಿದ್ರೆ ನಮ್ ಡೇರಿಗೊಂದು ಕೊಡ್ಸಿ. ಡಾಕ್ಟ್ರುನ್ನ ಕಾದು ಸಾಕಾಗೈತೆ." ಆ ವರ್ಷ ನಾನು ಕೇಳಿದ ತಂತ್ರಜ್ಞಾನದ ಮಾತುಗಳಲ್ಲಿ ತಲೆಬುಡ ಇದ್ದದ್ದು ಅದೊಂದೇ.

ಆಮೇಲೆ ಅವನು ಹಾಕಿದ ವಿಡಿಯೋದಲ್ಲಿ ಆ ಪ್ರಶ್ನೆ ಇರಲಿಲ್ಲ. ನಗು ಇರಲಿಲ್ಲ, ಭುಜ ತಟ್ಟಿದ್ದೂ ಇರಲಿಲ್ಲ. ಏಯ್, ನಿಮ್ಮವ್ವುನ್ನೂ, ಕರೀತೀಯೇನ್ಲಾ. ಅಷ್ಟೇ. ಕೊನೆಗೆ ಅಕ್ಕನ ಮುಖವನ್ನು ಹಿಗ್ಗಿಸಿ, ಕಣ್ಣು ಕೆಂಪು ಮಾಡಿ, ಹಿಂದೆ ಎಮ್ಮೆ ಕೂಗುವ ಸದ್ದು ಸೇರಿಸಿದ್ದರು.

ಮೊದಲು ಊರವರಿಗೆ ಖುಷಿಯೇ ಆಯಿತು. ಅರಕಲಗೂಡಿನ ನಾದಿನಿ ಫೋನು ಮಾಡಿ, "ಅತ್ತಿಗೆ, ನೀವು ಫೇಮಸ್ಸು" ಅಂದಳಂತೆ. ಆಮೇಲೆ ಅಕ್ಕನ ದನಿ ಅವಳ ಕೈಬಿಟ್ಟು ಹೊರಟಿತು. ನಾಯಿ ಬೊಗಳುವ ವಿಡಿಯೋಕ್ಕೆ ಅಕ್ಕನ ದನಿ, ಜಗಳಗಂಟಿ ಅತ್ತೆಯ ಪಾತ್ರಕ್ಕೆ ಅಕ್ಕನ ದನಿ. ಮೀಸೆ ಬೋಳಿಸಿ ಸೀರೆ ಉಟ್ಟ ಗಂಡಸರು ಆ ದನಿಗೆ ಬಾಯಾಡಿಸಿ ಕುಣಿದರು. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರೂ ಒಂದು ದಿನ ಅದನ್ನು ಹಾಕಿಕೊಂಡು ನಗುತ್ತಿದ್ದರು. ಅವಳು ನನ್ನ ಅಕ್ಕ ಎಂದೆ. "ಅಯ್ಯೋ ಹೌದಾ, ಸೂಪರ್!" ಅಂದರು.

ಅದೇ ಹೊಸ ಫೋನಿನಲ್ಲಿ ಅಕ್ಕ ಕಾಮೆಂಟುಗಳನ್ನೂ ಓದಿದಳು. ಅಕ್ಷರ ಅಕ್ಷರ ಕೂಡಿಸಿ ಓದುವವಳು, ಅದಕ್ಕೇ ಒಂದೂ ಬಿಡಲಿಲ್ಲ. 'ಹ' ಬರದವರಿಗೆಲ್ಲ ಫೋನ್ ಯಾಕೆ. ಈ ಮುಖ ನೋಡಿದ್ರೆ ಹಾಲು ಒಡೆಯುತ್ತೆ. ಹೀಗೆ ಬರೆದವರ ಹೆಸರಿನ ಜಾಗದಲ್ಲಿ ಹೆಸರಿಲ್ಲ, ಹುಲಿಯ ಚಿತ್ರ, ಕಾರಿನ ಚಿತ್ರ. ಕನ್ನಡ ಉಳಿಸಿ ಅಂತ ಬಾವುಟ ಹಾಕಿಕೊಂಡವನೂ ಅವಳ ಕನ್ನಡಕ್ಕೇ ನಕ್ಕಿದ್ದ.

ಒಂದು ಸಂಜೆ ಫೋನು ಮಾಡಿದಳು. "ಕ್ರಿಂಜು ಅಂದ್ರೇನೇ?"

"ನೋಡಿದ್ರೆ ಮುಜುಗರ ಆಗೋದು ಅಂತ."

"ನನ್ನ ನೋಡಿದ್ರೆ ಮುಜುಗರ ಆಯ್ತದಂತಾ? ನಾನೇನ್ ಮಾಡಿದ್ದೆ ಅವ್ರಿಗೆ?"

ನಾನು ಆ ವಿಡಿಯೋಗಳ ಮೇಲೆ ದೂರಿನ ಗುಂಡಿ ಒತ್ತಿದೆ. 'ನಮ್ಮ ನಿಯಮಗಳಿಗೆ ವಿರುದ್ಧವಾದದ್ದು ಏನೂ ಕಂಡುಬಂದಿಲ್ಲ' ಎಂದು ಕಂಪನಿಯಿಂದ ಉತ್ತರ ಬಂತು, ಶುದ್ಧ ಕನ್ನಡದಲ್ಲಿ. ಒಬ್ಬ ಮನುಷ್ಯ ನೋಡಿ ಹೇಳಿದ್ದೋ, ಯಂತ್ರವೇ ತೀರ್ಮಾನ ಮಾಡಿದ್ದೋ ತಿಳಿಯುವ ದಾರಿಯೇ ಇಲ್ಲ. ಈ ಕಂಪನಿಗಳ ಬಾಗಿಲೆಲ್ಲಿದೆ, ಅಕ್ಕನಂಥವರು ಹೋಗಿ ನಿಲ್ಲುವುದಕ್ಕೆ?

ಆ ಯುವಕ ಚನ್ನರಾಯಪಟ್ಟಣದಲ್ಲಿ ಒಂದು ಮೊಬೈಲ್ ಅಂಗಡಿಯ ಉದ್ಘಾಟನೆಗೆ ಬರುತ್ತಾನೆಂದು ಗೊತ್ತಾಯಿತು. ಅಕ್ಕನೇ ಹೊರಟಳು. "ಮಕ ನೋಡಿ ಕೇಳಿದ್ರೆ ಇಲ್ಲ ಅನ್ನಕಿಲ್ಲ ಕಣೇ." ಇಬ್ಬರೂ ಹೋದೆವು. ಬಲೂನು, ಡೋಲು, ಜನ. ಅವಳನ್ನು ಕಂಡವನೇ ಓಡಿಬಂದು ಕಾಲು ಮುಟ್ಟಿದ. ಅದನ್ನೂ ಅವನ ಜೊತೆಗಾರ ವಿಡಿಯೋ ಮಾಡುತ್ತಿದ್ದ.

"ನಾ ಏಳಿದ್ದುನ್ನೆಲ್ಲ ಪೂರ್ತಿ ಆಕಪ್ಪ. ನಕ್ಕಿದ್ದು, ಡಾಕ್ಟ್ರು ವಿಸ್ಯ ಕೇಳಿದ್ದು, ಎಲ್ಲಾನು. ಆಮ್ಯಾಕ್ ಯಾರಾನಾ ನಗ್ಲಿ."

"ಪೂರ್ತಿ ಹಾಕಿದ್ರೆ ಯಾರೂ ನೋಡಲ್ಲ ಆಂಟಿ. ತಕ್ಷಣ ನಗು ಬರ್ಲಿಲ್ಲ ಅಂದ್ರೆ ಜನ ಮುಂದಕ್ಕೆ ತಳ್ತಾರೆ. ಅದೂ ಅಲ್ದೆ ಪೂರ್ತಿ ಇದ್ದಿದ್ದನ್ನ ಅವತ್ತೇ ಡಿಲೀಟ್ ಮಾಡ್ಬಿಟ್ಟೆ, ಫೋನ್ ಫುಲ್ ಆಗಿತ್ತು."

"ಹಾಗಾದ್ರೆ ಇರೋದನ್ನ ತೆಗೀರಿ" ಅಂದೆ ನಾನು.

"ನಾನೊಬ್ಬ ತೆಗೆದ್ರೆ ಏನ್ ಬಂತು ಮೇಡಂ? ಎಲ್ಲರ ಹತ್ರಾನೂ ಐತೆ. ನಾನೇನ್ ಬೈದಿದೀನಾ? ಆಂಟಿ ಲೆಜೆಂಡು. ಜನ ಪ್ರೀತಿ ತೋರಿಸ್ತಾವ್ರೆ." ಹೀಗಂದವನೇ ಜನರ ಕಡೆ ತಿರುಗಿ, ಮೈಕು ಅಕ್ಕನ ಕೈಗೆ ತುರುಕಿ, "ಒಂದೇ ಒಂದ್ಸಲ ಹೇಳ್ಬಿಡಿ ಆಂಟಿ!" ಎಂದು ಕೂಗಿದ. ಜನ ಚಪ್ಪಾಳೆ ಹೊಡೆದರು. ಅಕ್ಕ ಮೈಕನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ನನ್ನ ಕೈ ಹಿಡಿದುಕೊಂಡಳು. ನಾವು ಬಸ್ಸು ಹತ್ತಿ ಮನೆ ಸೇರುವಷ್ಟರಲ್ಲಿ ಅದೂ ಒಂದು ವಿಡಿಯೋ ಆಗಿತ್ತು. 'ಆಂಟಿಗೆ ಈಗ ಆಟಿಟ್ಯೂಡು' ಅಂತ ಶೀರ್ಷಿಕೆ.

ಡೇರಿಯ ವಾರ್ಷಿಕ ಸಭೆಗೆ ಮೇಲಿನಿಂದ ಅಧಿಕಾರಿಗಳು ಬಂದಿದ್ದರು. ರಜೆ ಹಾಕಿ ನಾನೂ ಹೋಗಿದ್ದೆ. ಕರುಗಳಿಗೆ ಕಾಯಿಲೆ ಬಂದು, ಲಸಿಕೆ ಹಾಕಲು ಯಾರೂ ಬರದೆ, ಹಲವರ ಕೊಟ್ಟಿಗೆ ಖಾಲಿಯಾಗಿದ್ದ ಕಾಲ ಅದು. ಅಕ್ಕ ಎದ್ದು ನಿಂತು, "ಸಾ, ನಮ್ ಊರ್ಗೆ ಡಾಕ್ಟ್ರು..." ಎಂದು ಶುರುಮಾಡಿದಳು. ಹಿಂದಿನ ಸಾಲಿನಿಂದ ಯಾರೋ "ಏಯ್!" ಅಂದರು. ನಕ್ಕವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಎಲ್ಲ ಅವಳ ಜೊತೆ ಹಾಲು ಹಾಕುವವರೇ. ಅಧಿಕಾರಿಯೊಬ್ಬರು ಕೂಡ ಗುರುತು ಹಿಡಿದು, "ಓ, ಇವರೇನಾ?" ಎಂದು ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಅಕ್ಕ ಮಾತನ್ನು ಅರ್ಧಕ್ಕೇ ಬಿಟ್ಟು ಕುಳಿತಳು. ಡಾಕ್ಟರ ವಿಷಯ ಅವತ್ತು ಬರಲೇ ಇಲ್ಲ. ಮುಂದಿನ ಚುನಾವಣೆಗೆ ಅವಳು ನಿಲ್ಲಲಿಲ್ಲ. ಯಾಕೆ ಅಂತ ಯಾರೂ ಗಟ್ಟಿಯಾಗಿ ಕೇಳಲೂ ಇಲ್ಲ.

ಈಗ ಆ ವಿಡಿಯೋ ಯಾರಿಗೂ ನೆನಪಿಲ್ಲ. ನಗುವವರಿಗೆ ಬೇರೆ ಯಾರೋ ಸಿಕ್ಕಿರುತ್ತಾರೆ, ಬೇರೆ ಯಾವುದೋ ಊರಿನ ಹೆಂಗಸು. ಇದನ್ನೇ ಇವರು ಟ್ರೆಂಡು ಅನ್ನುವುದು. ಜಾತ್ರೆ ಮುಗಿದ ಬಯಲಿನಲ್ಲಾದರೂ ಕಸ ಗುಡಿಸುವವರು ಒಬ್ಬರು ಬರುತ್ತಾರೆ.

ಹೋದ ಭಾನುವಾರ ಕಚೇರಿಯ ಗೆಳತಿಯೊಬ್ಬಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋಗಿದ್ದೆ. ಮೊದಲಾಗಿದ್ದರೆ ಬೀದಿಯ ತಿರುವಿಗೇ ಅವಳ ದನಿ ಕೇಳಬೇಕಿತ್ತು. ಬಾಗಿಲಿಗೆ ಬಂದು ಸುಮ್ಮನೆ ನಕ್ಕಳು. ಎಲೆ ಹಾಕಿ, ಮುದ್ದೆ, ಉಪ್ಪುಸಾರು ಬಡಿಸಿದಳು. ಆಮೇಲೆ ಗೆಳತಿಯ ಕಡೆ ನೋಡಿ, ಪ್ರತಿ ಅಕ್ಷರವನ್ನೂ ಎಚ್ಚರಿಕೆಯಿಂದ ಎತ್ತಿಡುತ್ತಾ, "ಹೂಟ ಮಾಡಿ ಮೇಡಂ. ಹುಪ್ಪು ಸರಿಯಾಗಿ ಇದೆಯಾ ನೋಡಿ" ಅಂದಳು.

ಗೆಳತಿ ತಲೆಯೆತ್ತಲಿಲ್ಲ. ಅಕ್ಕ ಸೌಟು ಹಿಡಿದುಕೊಂಡು, ತಾನು ಆಡಿದ್ದು ಸರಿಯಾಯಿತೋ ಇಲ್ಲವೋ ಅಂತ ನಮ್ಮಿಬ್ಬರ ಮುಖವನ್ನೂ ನೋಡುತ್ತಾ ನಿಂತಿದ್ದಳು.